ದೇವರ ಹೊತ್ತು, ಸರ್ಕಾರದ ಹೊತ್ತು

ಬೀಗದಕೈ ಹಿಡಿದು ಸೆನಾಯ್ದಾ ಚೌಕ ದಾಟಿ ಬಂದಾಗ, ಊರಕಚೇರಿಯ ಮೆಟ್ಟಿಲ ಮೇಲೆ ಅಪರಿಚಿತನೊಬ್ಬ ಮುಖ ಊದಿಸಿಕೊಂಡು ಕೂತಿದ್ದ. ಮಡಿಲಲ್ಲಿ ಲ್ಯಾಪ್‌ಟಾಪಿನ ಚೀಲ. ಪಕ್ಕದಲ್ಲಿ ಊರಿನದೇ ಒಂದು ನಾಯಿ.

"ಹತ್ತು ಗಂಟೆಗೆ ಬನ್ನಿ ಅಂದಿದ್ರಿ," ಎಂದು ಅವನು ಕೈಗಡಿಯಾರ ತಟ್ಟಿ ತೋರಿಸಿದ. "ಒಂದು ತಾಸಿಂದ ಕಾಯ್ತಿದೀನಿ. ಈ ನಾಯಿ ಜೊತೆ ಆಡೋ ಮಾತೆಲ್ಲ ಮುಗೀತು."

ಸೆನಾಯ್ದಾ ತಲೆ ಎತ್ತಿ ಚರ್ಚಿನ ಗೋಪುರದ ಕಡೆ ನೋಡಿದಳು. ಅಷ್ಟರಲ್ಲಿ ಗಂಟೆ ಹೊಡೆಯತೊಡಗಿತು. ಅವನು ಬಾಯಲ್ಲೇ ಎಣಿಸಿದ. ಹತ್ತಕ್ಕೆ ನಿಂತಿತು.

"ಆ ಗಡಿಯಾರ ಕೆಟ್ಟಿದೆ," ಅಂದ.

"ಕೆಟ್ಟಿಲ್ಲ," ಅವಳು ನೆಲ ನೋಡುತ್ತ ಹೇಳಿದಳು. "ಅದು ದೇವರ ಹೊತ್ತು. ನಿಮ್ಮ ಕೈಲಿರೋದು ಸರ್ಕಾರದ ಹೊತ್ತು."

ವಸಂತ ಬಂತೆಂದರೆ ಮೆಕ್ಸಿಕೊ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದಕ್ಕೆ ತಳ್ಳುತ್ತಿತ್ತು. ಬೆಟ್ಟದ ಮೇಲಿನ ಲಚಿಯೇಲದವರು ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಸೂರ್ಯನಿಗೆ ಯಾರು ಹೋಗಿ ಹೇಳುತ್ತಾರೆ, ಕೋಳಿಗೆ ಯಾರು ಹೇಳುತ್ತಾರೆ ಎಂದು ಊರಸಭೆ ಕೈಯೆತ್ತಿ ತೀರ್ಮಾನ ಮಾಡಿ ಎಷ್ಟೋ ವರ್ಷವಾಗಿತ್ತು.

ಅವನು ಗೋಪುರ ನೋಡಿದ, ಕೈಗಡಿಯಾರ ನೋಡಿದ, ಕೊನೆಗೆ ಅವಳನ್ನು ನೋಡಿದ. ಊದಿದ ಮುಖ ಇಳಿಯಿತು.

"ಹಾಗಾದ್ರೆ ನೀವು ಸರಿಯಾದ ಹೊತ್ತಿಗೇ ಬಂದ್ರಿ. ಬೇಗ ಬಂದ ದಡ್ಡ ನಾನೇ."

ಸೆನಾಯ್ದಾ ಶಾಲಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದಳು. ನಗು ಬಂದಾಗ ಹಾಗೆ ಮಾಡುವುದು ಅವಳ ರೂಢಿ. ಅವನು ಅದನ್ನು ನೋಡಿಬಿಟ್ಟ ಎಂಬುದೂ ಅವಳಿಗೆ ಗೊತ್ತಾಯಿತು.

ಹೀಗೆ ವಹಾಕಾ ನಗರದ, ಹಳ್ಳಿಗಳ ಫೋನು ನೋಡಿಕೊಳ್ಳುವ ಸಹಕಾರ ಸಂಘದ ಇಂಜಿನಿಯರ್ ಎಲಾದಿಯೊ ಮೊದಲ ಸಲ ಆ ಕೋಣೆಯೊಳಗೆ ಕಾಲಿಟ್ಟ.

ಕೋಣೆಯಲ್ಲಿ ಇದ್ದದ್ದು ಊರಿನ ಸರ್ವರ್. ಊರಿನ ಫೋನು, ಊರಿನ ರೇಡಿಯೊ ಎರಡೂ ಅದರಿಂದಲೇ ನಡೆಯುತ್ತಿದ್ದವು. ಆ ವರ್ಷ ಅದನ್ನು ನೋಡಿಕೊಳ್ಳುವ ಸೇವೆ ಸೆನಾಯ್ದಾಳ ಪಾಲಿಗೆ ಬಂದಿತ್ತು. ಲಚಿಯೇಲದಲ್ಲಿ ಸೇವೆ ಎಂದರೆ ಹಾಗೆಯೇ. ಸಭೆ ಹೆಸರು ಕೂಗುತ್ತದೆ, ಕೂಗಿಸಿಕೊಂಡವರು ತಲೆಯಾಡಿಸುತ್ತಾರೆ, ಸಂಬಳದ ಮಾತು ಯಾರೂ ಎತ್ತುವುದಿಲ್ಲ. ಹಿಂದಿನ ವರ್ಷದವನು ಬೀಗದಕೈ ಒಪ್ಪಿಸುವಾಗ, "ಪೆಟ್ಟಿಗೆ ಗುರ್ ಅಂದ್ರೆ ಹೆದರ್ಬೇಡ, ಸುಮ್ಮನಾದ್ರೆ ಹೆದರು," ಎಂದಷ್ಟೇ ಹೇಳಿಕೊಟ್ಟಿದ್ದ.

ತಾಯಿ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಅಜ್ಜಿಯ ಜೊತೆ ಬೆಳೆದ ಹುಡುಗಿ ಅವಳು. ಮಾತು ಕಡಿಮೆ, ನೋಡುವುದು ಹೆಚ್ಚು. ಆ ಪೆಟ್ಟಿಗೆಯ ಹೊಟ್ಟೆಯಲ್ಲಿದ್ದದ್ದು ಲಿನಕ್ಸ್, ಟೈಪ್ ಮಾಡಿದ ಆಜ್ಞೆಗೆ ಮಾತ್ರ ಬಗ್ಗುವ ವ್ಯವಸ್ಥೆ. ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಚುಕ್ಕೆ ತಪ್ಪಿದರೂ ಮುಖ ತಿರುಗಿಸುತ್ತಿತ್ತು. ಆಗೆಲ್ಲ ಫೋನು ನಿಲ್ಲುತ್ತಿತ್ತು, ಇಲ್ಲವೇ ರೇಡಿಯೊ ಮೂಕವಾಗುತ್ತಿತ್ತು, ಎಲಾದಿಯೊ ಬೆಟ್ಟ ಹತ್ತಿ ಬರಬೇಕಾಗುತ್ತಿತ್ತು.

ಆ ಮಳೆಗಾಲದಲ್ಲಿ ಪೆಟ್ಟಿಗೆ ಸಾಕಷ್ಟು ಸಲ ಕೆಟ್ಟಿತು. ಅವಳು ಸಂತನ ಮುಂದೆ ಮೇಣದ ಬತ್ತಿ ಹಚ್ಚಿದ್ದು ಪೆಟ್ಟಿಗೆ ಕೆಡಲಿ ಎಂದೇನೂ ಅಲ್ಲ. ಆದರೆ ಕೆಡದಿರಲಿ ಎಂದೂ ಕೇಳಿಕೊಂಡಿರಲಿಲ್ಲ.

ಅವನು ಯೋಚಿಸುವಾಗ ಎರಡು ಬೆರಳಿನಿಂದ ಮೇಜನ್ನು ತಟ್ಟುತ್ತಾನೆ. ಬಿಸಿ ಚಾಕೊಲೇಟಿನಲ್ಲಿ ಬ್ರೆಡ್ಡನ್ನು ಜಾಸ್ತಿ ಹೊತ್ತು ಅದ್ದಿ, ಅದು ಮುರಿದು ಬಿದ್ದಾಗ ಪ್ರತಿ ಸಲವೂ ಬೇಜಾರು ಮಾಡಿಕೊಳ್ಳುತ್ತಾನೆ. ಅವಳು ಹೇಳಿದ್ದು ಕೇಳಿಸದಿದ್ದರೆ "ಏನು?" ಎಂದು ಕೇಳದೆ, ಕೀಲಿಮಣೆ ಬಿಟ್ಟು ಪೂರ್ತಿ ಅವಳ ಕಡೆ ತಿರುಗಿ ಕೂರುತ್ತಾನೆ. ಇವೆಲ್ಲ ಸೆನಾಯ್ದಾ ಕಂಡುಕೊಂಡ ಸಂಗತಿಗಳು. ಅವಳ ಮಾತಿಗೆ ಅಲ್ಲಿಯವರೆಗೆ ಯಾರೂ ಹಾಗೆ ಪೂರ್ತಿ ತಿರುಗಿ ಕೂತಿರಲಿಲ್ಲ.

ಒಂದು ದಿನ ಅವನು ಸಭಾಂಗಣದಿಂದ ದಡದಡನೆ ಬಂದ.

"ಸೆನಾಯ್ದಾ ಅವರೇ! ಸರ್ವರ್ ಪಾಸ್‌ವರ್ಡನ್ನ ಕಪ್ಪುಹಲಗೆ ಮೇಲೆ ಬರೆದಿದಾರೆ! ಇಷ್ಟು ದಪ್ಪ ಅಕ್ಷರದಲ್ಲಿ!"

"ದೋನ್ ಪ್ರಿಸಿಲಿಯಾನೊ ಬರೆದಿದ್ದು," ಅಂದಳು. ದೋನ್ ಪ್ರಿಸಿಲಿಯಾನೊ ಊರಿನ ಯಜಮಾನರು. "ಊರಿನ ಸ್ವತ್ತಲ್ವಾ, ಊರಿಗೆ ಗೊತ್ತಿರ್ಬೇಕು ಅಂದ್ರು."

"ಕುರಿ ಕಾಯೋರಿಗೂ ಗೊತ್ತಾ?"

"ಅವರಿಗೇ ಮೊದಲು ಗೊತ್ತಾಗಿದ್ದು ಇಂಜಿನಿಯರ್ರೇ. ಸಭೇಲಿ ಹಲಗೆ ಪಕ್ಕನೇ ಕೂರ್ತಾರೆ. ಯಾಕೆ, ತಪ್ಪಾ?"

ಅವನು ಸಿಟ್ಟು ಮಾಡಲು ನೋಡಿದ. ಆಗಲಿಲ್ಲ. ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಶಾಲು ಅಡ್ಡ ಹಿಡಿದರೂ ಅವಳ ನಗು ಆ ಸಲ ನಿಲ್ಲಲಿಲ್ಲ.

ಆ ಹಲಗೆಯ ದೆಸೆಯಿಂದಲೇ ಅವನು ಸಭೆಯ ಮುಂದೆ ಒಂದು ಮಾತಿಟ್ಟ. ಸರ್ವರ್ ನೋಡಿಕೊಳ್ಳಲು ಒಂದು ಸಾಧನ ಹಾಕೋಣ. ಕಪ್ಪು ಪರದೆ ಬೇಡ, ಬ್ರೌಸರ್ ತೆರೆದರೆ ಸಾಕು. ಏನು ಓಡುತ್ತಿದೆ, ಏನು ನಿಂತಿದೆ ಎಲ್ಲ ಕಾಣುತ್ತದೆ, ಗುಂಡಿ ಒತ್ತಿದರೆ ನಿಂತದ್ದು ಓಡುತ್ತದೆ. ಒಬ್ಬೊಬ್ಬರಿಗೆ ಅವರವರದೇ ಖಾತೆ, ಅವರವರದೇ ಪಾಸ್‌ವರ್ಡ್. ನನ್ನನ್ನು ಕಾಯಬೇಕಾಗಿಲ್ಲ.

ಸಭೆ ಮೆಚ್ಚಿತು. ದೋನ್ ಪ್ರಿಸಿಲಿಯಾನೊ ಟೋಪಿ ತೆಗೆದು ಎದ್ದು ನಿಂತರು. "ಒಂದೇ ಮಾತು. ಊರಿನ ಕೀಲಿ ಊರಿನವರ ಹತ್ರ ಇರ್ಬೇಕು. ಇಂಜಿನಿಯರ್ ಒಳ್ಳೆಯವರೇ, ಆದ್ರೆ ಹೊರಗಿನವರು. ಎಲ್ಲ ಸರಿಹೋದ ದಿನ ಅವರ ಹೆಸರನ್ನ ಸರ್ವರಿಂದ ಸೆನಾಯ್ದಾನೇ ಅಳಿಸ್ಲಿ. ಒಪ್ಪಿಗೇನಾ?"

ಕೈಗಳು ಎದ್ದವು. ಸೇವೆಯಲ್ಲಿದ್ದವಳು ಅವಳು, ಕೈ ಎತ್ತದೆ ಇರುವಂತಿರಲಿಲ್ಲ. ಎತ್ತಿದಳು. ಅಡ್ಡಸಾಲಿನ ಬೆಂಚಿನಿಂದ ಎಲಾದಿಯೊ ಆ ಕೈಯನ್ನೇ ನೋಡುತ್ತಿದ್ದ.

ಆ ಸಾಧನ ಸರಿಯಾಗಿ ಓಡಿದ ದಿನವೇ ಅವನು ಬರುವ ಕಾರಣ ಮುಗಿಯುತ್ತದೆ. ಅದನ್ನು ಓಡಿಸಬೇಕಾದವಳು ಅವಳೇ.

ಆಗಸ್ಟಿನಲ್ಲಿ ಆ ದಿನ ಬಂತು.

"ಇವತ್ತು ಎಲ್ಲ ನೀವೇ ಟೈಪ್ ಮಾಡ್ಬೇಕು," ಎಂದ ಎಲಾದಿಯೊ. ಕೈ ಹಾಕುವ ಚಪಲ ಬರಬಾರದೆಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಪಕ್ಕದಲ್ಲಿ ಕೂತ.

ಅವಳು ಒಂದೊಂದೇ ಅಕ್ಷರ ಒತ್ತಿದಳು. ಕಪ್ಪು ಪರದೆಯ ಮೇಲೆ ಸಾಲುಗಳು ಇರುವೆ ಹೊರಟಂತೆ ಹರಿದು, ನಿಂತವು. ಸಾಧನ ಒಳಗೆ ಕೂತಿತ್ತು.

"ಈಗ ಅದನ್ನ ಶುರು ಮಾಡಿ. ಹಾಂ. ಮುಂದೆ ಫೈರ್‌ವಾಲ್‌ನಲ್ಲಿ ಅದಕ್ಕೊಂದು ದಾರಿ ಬಿಡಿ. ಇದನ್ನ ಮರೆತರೆ ನಾವೇ ಕಟ್ಟಿದ ಮನೆ ಒಳಗೆ ನಮಗೇ ಪ್ರವೇಶ ಇರಲ್ಲ."

"ನೀವು ಯಾವತ್ತಾದ್ರೂ ಮರೆತಿದೀರಾ?"

"ಒಂದು ಸಲ. ಇನ್ನೊಂದು ಊರಲ್ಲಿ. ಅಲ್ಲಿಯ ಯಜಮಾನರು ಈಗಲೂ ನಂಗೆ ಕಾಫಿ ಕೊಡಲ್ಲ."

ಆಮೇಲೆ ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸರ್ಟಿಫಿಕೇಟ್ ಮಾಡಿ ಸರ್ವರ್‌ಗೆ ಹಾಕಿದ. ತೆರೆದ ಪುಟ ನಿಜಕ್ಕೂ ಊರಿನ ಸರ್ವರ್‌ನದೇ ಎಂದು ಬ್ರೌಸರ್‌ಗೆ ಗುರುತು ಹೇಳುವ ಪತ್ರ ಅದು. ಎಲ್ಲ ಮುಗಿದ ಮೇಲೆ ಸೆನಾಯ್ದಾ ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ವಿಳಾಸ ಬರೆದಳು.

ಪರದೆ ತುಂಬ ಎಚ್ಚರಿಕೆ. ಈ ಸಂಪರ್ಕ ಸುರಕ್ಷಿತವಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಕಾರಣ: ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವಾಗಿಲ್ಲ.

ಅವಳು ಓದಿದಳು. ಓದಿದ ಕ್ಷಣವೇ ತಿಳಿಯಿತು. ಎಲಾದಿಯೊನ ಲ್ಯಾಪ್‌ಟಾಪ್ ಇದ್ದದ್ದು ಸರ್ಕಾರದ ಹೊತ್ತಿನಲ್ಲಿ. ಈ ಕಂಪ್ಯೂಟರಿನ ಗಡಿಯಾರವನ್ನು ಪ್ರತಿ ಭಾನುವಾರ ಚರ್ಚಿನ ಗಂಟೆ ಕೇಳಿ ಹಿಂದಕ್ಕೆ ತಿರುಗಿಸುತ್ತಿದ್ದವಳು ತಾನೇ. ಲ್ಯಾಪ್‌ಟಾಪಿನಲ್ಲಿ ಆಗಲೇ ಬಂದ ಹೊತ್ತು ಇಲ್ಲಿ ಬರಲು ಇನ್ನೂ ಒಂದು ತಾಸು ಬೇಕು. ಅದನ್ನು ಸರಿಮಾಡುವುದು ಕ್ಷಣದ ಕೆಲಸ. ಹೇಗೆಂದು ಜೂನ್‌ನಲ್ಲಿ ಅವನೇ ಕಲಿಸಿದ್ದ.

ಅವಳು ಬಾಯಿ ಬಿಡಲಿಲ್ಲ.

ಎಲಾದಿಯೊ ಬಗ್ಗಿ ನೋಡಿ, ಪರದೆಯ ಮೇಲಿನ ಆ ಕಿಟಕಿಯನ್ನು ಮುಚ್ಚಿದ. ಯೋಚಿಸುವಾಗ ಮೇಜು ತಟ್ಟುವ ಅವನ ಬೆರಳುಗಳು ಸುಮ್ಮನಿದ್ದವು.

"ಇದಕ್ಕೆ... ಸ್ವಲ್ಪ ಹೊತ್ತು ಬಿಡ್ಬೇಕು," ಅಂದ.

"ಎಷ್ಟು?"

"ಒಂದು ತಾಸು ಆಗ್ಬಹುದು."

"ಬೆಳಗ್ಗೆಯಿಂದ ಓಡ್ತಿದೆ. ಅದಕ್ಕೂ ಸುಸ್ತಾಗಿರುತ್ತೆ."

"ಹೌದು ಹೌದು," ಅವನು ಗಂಭೀರವಾಗಿ ತಲೆಯಾಡಿಸಿದ. "ತುಂಬಾ ಸುಸ್ತಾಗಿದೆ."

ಇಬ್ಬರೂ ಸೆನಾಯ್ದಾಳ ಮನೆಗೆ ಬಂದಾಗ ಅಜ್ಜಿ ಮುಂದಿನ ಜಗಲಿಯಲ್ಲಿ ಮೆಕ್ಕೆಜೋಳದ ತೆನೆಗಳ ರಾಶಿ ಹಾಕಿಕೊಂಡು ಕಾಳು ಬಿಡಿಸುತ್ತಿದ್ದಳು.

"ಬಾರಪ್ಪಾ ಇಂಜಿನಿಯರ್ರೇ. ಓಡ್ತೇನು ನಿನ್ನ ಯಂತ್ರ?"

"ಇನ್ನೂ ಇಲ್ಲ ಅಜ್ಜಿ."

"ಒಳ್ಳೇದೇ ಆಯ್ತು. ಕೈ ಖಾಲಿ ಇದೆಯಲ್ಲ, ಕೂತ್ಕೋ. ಕಾಳು ಬಿಡಿಸು."

ಅವನು ಕೂತ. ಹೆಬ್ಬೆರಳಿನಿಂದ ಒಂದೊಂದೇ ಕಾಳು ಕೀಳತೊಡಗಿದ. ಸೆನಾಯ್ದಾ ಎರಡು ತೆನೆ ಮುಗಿಸಿದರೂ ಅವನ ಕೈಯ ತೆನೆಗೆ ಒಂದು ಕಡೆಯ ಹಲ್ಲು ಮಾತ್ರ ಉದುರಿತ್ತು.

"ಅದು ಕೀಬೋರ್ಡ್ ಅಲ್ಲ," ಅವಳು ಮೆಲ್ಲಗೆ ಹೇಳಿದಳು. "ಹೀಗೆ. ಖಾಲಿ ತೆನೆ ತಗೊಂಡು ಉಜ್ಜಿ."

"ಹೀಗಾ?"

"ಊಂಹೂಂ. ಹೀಗೆ."

ಹೇಳಿದರೆ ಆಗಲಿಲ್ಲ. ಅವನ ಕೈಯ ಮೇಲೆ ಕೈಯಿಟ್ಟು ತಿರುಗಿಸಿ ತೋರಿಸಬೇಕಾಯಿತು. ಕಾಳುಗಳು ಜರ್ರನೆ ಬುಟ್ಟಿಗೆ ಉದುರಿದವು. ಅವಳ ಕಿವಿ ಕೆಂಪಾಯಿತು. ಕೈ ಹಿಂದಕ್ಕೆ ತೆಗೆದ ಮೇಲೂ ಅವನು ಸ್ವಲ್ಪ ಹೊತ್ತು ಅದೇ ಭಂಗಿಯಲ್ಲಿ ತೆನೆ ಹಿಡಿದು ಕೂತಿದ್ದ.

ಅಜ್ಜಿಗೆ ಕಣ್ಣು ಮಂಜು. ಆದರೆ ಬೇಕಾದ್ದು ಕಾಣುತ್ತಿತ್ತು.

"ನಮ್ಮೂರಲ್ಲಿ ಹೆಣ್ಣು ಕೇಳೋಕೆ ಬರೋರು ಬುಟ್ಟಿ ತುಂಬ ಬ್ರೆಡ್ಡು, ಚಾಕೊಲೇಟು ಹೊತ್ಕೊಂಡು ಬರ್ತಾರೆ," ಎಂದಳು ಯಾರಿಗೂ ಅಲ್ಲವೆಂಬಂತೆ. "ಇವನು ಬಂದಾಗೆಲ್ಲ ವೈರು ತರ್ತಾನೆ."

"ಅಜ್ಜೀ!"

"ನಾನೇನಂದೆ? ವೈರೂ ಬೇಕಾಗುತ್ತೆ. ಬಟ್ಟೆ ಒಣಗ್ಹಾಕಕ್ಕೆ."

ಎಲಾದಿಯೊ ತಲೆ ತಗ್ಗಿಸಿ ನಗುತ್ತ ತೆನೆ ಉಜ್ಜಿದ. ಸೆನಾಯ್ದಾ ಶಾಲನ್ನು ಕಣ್ಣಿನವರೆಗೂ ಎಳೆದುಕೊಂಡಳು.

ಆಗ ಕೆಳಗಿನ ರಸ್ತೆಯಿಂದ ಹಾರ್ನ್ ಕೇಳಿಸಿತು.

ನಗರಕ್ಕೆ ಹೋಗುವ ದಿನದ ಕೊನೆಯ ವ್ಯಾನ್. ಅದು ಸರ್ಕಾರದ ಹೊತ್ತಿಗೆ ಬರುತ್ತದೆ, ಸರ್ಕಾರದ ಹೊತ್ತಿಗೇ ಹೊರಡುತ್ತದೆ. ಎಲಾದಿಯೊ ಚರ್ಚಿನ ಗಡಿಯಾರ ನೋಡಿಕೊಂಡು ಇನ್ನೂ ಒಂದು ತಾಸಿದೆ ಎಂದುಕೊಂಡಿದ್ದಾನೇನೋ. ನಿಮ್ಮ ವ್ಯಾನ್ ಹೋಗ್ತಿದೆ ಎಂಬ ಮಾತು ಸೆನಾಯ್ದಾಳ ಬಾಯಿಗೆ ಬಂತು. ಅವನು ತಲೆ ಎತ್ತಿ ರಸ್ತೆಯ ಕಡೆ ಒಮ್ಮೆ ನೋಡಿ, ಇನ್ನೊಂದು ತೆನೆ ತೆಗೆದುಕೊಂಡ. ಅವಳೂ ತನ್ನ ತೆನೆಗೇ ತಿರುಗಿದಳು. ಹಾರ್ನ್ ಎರಡನೇ ಸಲ ಕೂಗಿತು. ಆಮೇಲೆ ವ್ಯಾನಿನ ಸದ್ದು ತಿರುವಿನಲ್ಲಿ ಕರಗಿತು.

ತಾನು ಮೋಸ ಮಾಡಿದೆ ಅನ್ನಿಸಿತು. ಅದೇ ಉಸಿರಿನಲ್ಲಿ ಸಂತೋಷವೂ ಆಯಿತು. ಎರಡೂ ಒಟ್ಟಿಗೆ ಆಗಬಹುದೆಂದು ಅವಳಿಗೆ ಅಂದೇ ತಿಳಿದದ್ದು.

"ಸೆನಾಯ್ದಾ ಅವರೇ," ಅವನು ಬುಟ್ಟಿ ನೋಡುತ್ತ ಶುರು ಮಾಡಿದ. "ಇವತ್ತಾದ ಮೇಲೆ..."

ಅವಳು ತೆನೆ ಉಜ್ಜುವುದು ನಿಲ್ಲಿಸಿದಳು.

"ಇವತ್ತಾದ ಮೇಲೆ ನಿಮಗೆ ನನ್ನ ಅಗತ್ಯ ಬೀಳಲ್ಲ. ಚೆನ್ನಾಗಿ ಕಲ್ತಿದೀರಿ."

"ಚೆನ್ನಾಗಿ ಕಲಿಸಿದ್ರಿ," ಎಂದಳು.

ಗೋಪುರದ ಗಂಟೆ ಹೊಡೆಯಿತು. ಇಬ್ಬರೂ ಒಟ್ಟಿಗೆ ಎದ್ದರು, ಹೊತ್ತಾಯಿತೆಂದು ಯಾರೂ ಯಾರಿಗೂ ಹೇಳದೆ.

ಈ ಸಲ ಪುಟ ತಕರಾರಿಲ್ಲದೆ ತೆರೆಯಿತು. ಸೆನಾಯ್ದಾ ತನ್ನ ಹೆಸರು ಬರೆದಳು, ಪಾಸ್‌ವರ್ಡ್ ಬರೆದಳು. ಬಿಳಿ ಪುಟದ ಮೇಲೆ ಪೆಟ್ಟಿಗೆಯ ಒಳಗೆಲ್ಲ ಕಂಡಿತು. ಎಷ್ಟು ಬಿಸಿಯಾಗಿದೆ, ಎಷ್ಟು ಜಾಗ ಉಳಿದಿದೆ, ಫೋನು ಓಡುತ್ತಿದೆ, ರೇಡಿಯೊ ಓಡುತ್ತಿದೆ. ಪರೀಕ್ಷೆಗೆಂದು ಅವಳು ರೇಡಿಯೊ ನಿಲ್ಲಿಸಿದಳು. ಚೌಕದ ಧ್ವನಿವರ್ಧಕದಲ್ಲಿ ವಾದ್ಯಮೇಳ ಗಪ್ಪೆಂದಿತು. ಯಾರೋ ಬೈದರು. ಮತ್ತೆ ಗುಂಡಿ ಒತ್ತಿದಳು. ತುತ್ತೂರಿ, ಡೋಲು ಎಲ್ಲ ಒಮ್ಮೆಲೇ ಎದ್ದವು.

"ನೋಡಿದ್ರಾ!" ಅವಳು ತಿರುಗಿದಳು. ಶಾಲು ಅಡ್ಡ ಹಿಡಿಯುವುದು ಮರೆತಿತ್ತು.

ಅವನು ನೋಡುತ್ತಿದ್ದದ್ದು ಪರದೆಯನ್ನಲ್ಲ. "ನೋಡಿದೆ," ಅಂದ.

ದೋನ್ ಪ್ರಿಸಿಲಿಯಾನೊ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದರು. ರೇಡಿಯೊ ನಿಂತು ಓಡಿದ್ದು ಅವರಿಗೂ ಕೇಳಿಸಿತ್ತು. "ಭೇಷ್. ಇನ್ನು ಆ ಇನ್ನೊಂದು ಕೆಲಸ ಮಗಳೇ. ಸಭೆಯ ಮಾತು."

ಖಾತೆಗಳ ಪುಟ ತೆರೆದಳು. ಅವಳ ಹೆಸರಿನ ಕೆಳಗೇ ಅವನ ಹೆಸರು. ಅದರ ಮೇಲೆ ಒತ್ತಿದಳು. ಅಳಿಸು ಎಂಬುದನ್ನು ಒತ್ತಿದಳು. ಯಂತ್ರ ಒಂದು ಪ್ರಶ್ನೆ ಕೇಳಿತು: ಈ ಖಾತೆಯ ಫೈಲುಗಳನ್ನೂ ಅಳಿಸಬೇಕೆ? ಪಕ್ಕದಲ್ಲಿ ಒಂದು ಚಿಕ್ಕ ಖಾಲಿ ಚೌಕ.

ಅವಳು ಅದನ್ನು ಖಾಲಿಯಾಗಿಯೇ ಬಿಟ್ಟಳು. ಕೊನೆಯ ಗುಂಡಿ ಒತ್ತಿದಳು. ಹೆಸರು ಹೋಯಿತು.

"ಫೈಲು ಯಾಕೆ ಉಳಿಸ್ದೆ?" ಎಂದರು ಯಜಮಾನರು, ಕನ್ನಡಕ ಏರಿಸುತ್ತ.

"ಸಭೆ ಹೆಸರು ಅಳಿಸು ಅಂತಷ್ಟೇ ಹೇಳಿತ್ತು," ಎಂದಳು ಸೆನಾಯ್ದಾ.

ಅವರು ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಟೋಪಿ ಹಾಕಿಕೊಂಡು ಹೊರಟರು.

ಎಲಾದಿಯೊ ಚೀಲ ಹೆಗಲಿಗೇರಿಸಿದ. "ಹಾಗಾದ್ರೆ ವ್ಯಾನಿಗೆ ಹೊತ್ತಾಯ್ತು."

"ಬಿಟ್ಟು ಬರ್ತೀನಿ," ಅಂದಳು.

ಇಬ್ಬರೂ ಇಳಿಜಾರಿನಲ್ಲಿ ನಡೆದರು. ವ್ಯಾನ್ ಹೋದದ್ದು ಅವನಿಗೆ ಗೊತ್ತಿಲ್ಲ, ಹೇಗೆ ಹೇಳಲಿ ಎಂದು ಹೆಜ್ಜೆ ಹೆಜ್ಜೆಗೂ ಅವಳು ಮಾತು ಜೋಡಿಸುತ್ತಿದ್ದಳು. ರಸ್ತೆಗೆ ಬಂದರು. ಕಲ್ಲುಬೆಂಚಿನ ಮೇಲೆ ಒಂದು ಕೋಳಿ ಮಾತ್ರ ಕೂತಿತ್ತು. ಎಲಾದಿಯೊ ಅದನ್ನು ಓಡಿಸದೆ ಪಕ್ಕದಲ್ಲಿ ಕೂತ. ಅವಳು ನಿಂತೇ ಇದ್ದಳು.

"ಇಂಜಿನಿಯರ್ರೇ. ನಾನೊಂದು ತಪ್ಪು ಮಾಡಿದೀನಿ."

ಅವನು ಪೂರ್ತಿ ಅವಳ ಕಡೆ ತಿರುಗಿ ಕೂತ. ಅದೇ ಅವಳಿಗೆ ಧೈರ್ಯ ಕೊಟ್ಟಿತು.

"ವ್ಯಾನ್ ಹೋಯ್ತು. ಕಾಳು ಬಿಡಿಸುವಾಗ್ಲೇ. ಹಾರ್ನ್ ನಂಗೆ ಕೇಳಿಸ್ತು, ನಾನು ಹೇಳ್ಲಿಲ್ಲ." ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಆ ಪುಟ ಯಾಕೆ ತೆರೀಲಿಲ್ಲ ಅನ್ನೋದೂ ಗೊತ್ತಿತ್ತು. ಸಣ್ಣ ಅಕ್ಷರ ಓದಿದ್ದೆ. ಯಂತ್ರಕ್ಕೆ ಸುಸ್ತೂ ಇರ್ಲಿಲ್ಲ, ಏನೂ ಇರ್ಲಿಲ್ಲ. ಗಡಿಯಾರ ಹಿಂದಿತ್ತು. ಆಗ್ಲೇ ಸರಿಮಾಡಬಹುದಿತ್ತು. ಮಾಡ್ಲಿಲ್ಲ."

"ಯಾಕೆ?"

ಅವಳು ಕೋಳಿಯನ್ನು ನೋಡಿದಳು. "ಸರಿಯಾದ್ರೆ ನೀವು ಹೋಗ್ತೀರಲ್ಲ."

ಬೆಟ್ಟದ ಮೇಲೆ ಮೋಡ ಇಳಿಯುತ್ತಿತ್ತು. ಎಲಾದಿಯೊ ತನ್ನ ಕೈಗಡಿಯಾರ ತೋರಿಸಿದ.

"ಇದು ಯಾರ ಹೊತ್ತು?"

"ಸರ್ಕಾರದ್ದು."

"ವ್ಯಾನ್ ಯಾರ ಹೊತ್ತಿಗೆ ಹೊರಡುತ್ತೆ?"

"ಸರ್ಕಾರದ..." ಅವಳು ನಿಲ್ಲಿಸಿದಳು. ತಲೆ ಎತ್ತಿದಳು.

"ನನ್ನ ಮಣಿಕಟ್ಟಿನ ಮೇಲೇ ಇತ್ತು. ಹಾರ್ನ್ ನನಗೂ ಕೇಳಿಸ್ತು. ಸರ್ಟಿಫಿಕೇಟ್ ಮಾಡಿದವನು ನಾನೇ ಅಲ್ವಾ, ಅವಧಿ ಯಾಕೆ ಶುರುವಾಗಿಲ್ಲ ಅಂತ ಗೊತ್ತಾಗಲ್ವಾ? ಅದಕ್ಕೇ ನೀವು ಓದೋ ಮುಂಚೆ ಆ ಕಿಟಕಿ ಮುಚ್ಚಿದೆ." ಅವನು ಕುತ್ತಿಗೆ ಕೆರೆದುಕೊಂಡ. "ತಡವಾಗಿ ಮುಚ್ಚಿದೆ, ಕಾಣುತ್ತೆ."

"ಗೊತ್ತಿದ್ದೂ ಇಲ್ಲೀವರೆಗೆ ನಡ್ಕೊಂಡು ಬಂದ್ರಾ?"

"ನೀವು ಬಿಟ್ಟು ಬರ್ತೀನಿ ಅಂದ್ರಲ್ಲ. ಬೇಡ ಅನ್ನೋಕೆ ನಂಗೇನು ಹುಚ್ಚಾ?"

ಅವಳು ನಕ್ಕಳು, ಶಾಲಿನ ಅಡ್ಡಿಯಿಲ್ಲದೆ. ನಗುತ್ತಿದ್ದಂತೆ ಕಣ್ಣು ತುಂಬಿತು. ಕೋಳಿ ಎದ್ದು ಹೋಯಿತು, ಆ ಜಾಗದಲ್ಲಿ ಅವಳು ಕೂತಳು.

"ಸೆನಾ," ಅಂದ ಅವನು. 'ಅವರೇ' ಎಂಬುದು ಎಲ್ಲೋ ಬಿದ್ದುಹೋಗಿತ್ತು. "ಈ ಊರಿನವನಾಗ್ಬೇಕಾದ್ರೆ ಏನು ಮಾಡ್ಬೇಕು?"

"ಸೇವೆ ಕೇಳ್ಬೇಕು. ಸಭೇಲಿ ಎದ್ದು ನಿಂತು." ಅವಳು ಕಣ್ಣು ಒರೆಸಿಕೊಂಡಳು. "ಟೋಪಿಲ್ ಮಾಡ್ತಾರೆ. ಎಲ್ಲಕ್ಕಿಂತ ಕೆಳಗಿನ ಸೇವೆ. ಕಚೇರಿ ಅಂಗಳ ಗುಡಿಸ್ಬೇಕು, ಮನೆಮನೆಗೆ ಸುದ್ದಿ ಮುಟ್ಟಿಸ್ಬೇಕು. ಇಂಜಿನಿಯರ್ ಕೈಲಿ ಆಗುತ್ತಾ?"

"ಪೊರಕೆ ಹಿಡಿಯೋದು ಹೇಳಿಕೊಡ್ತೀಯಾ?"

"ತೆನೆ ಹಿಡಿಯೋದಕ್ಕಿಂತ ಸುಲಭ," ಅಂದಳು. ಅವನ ಕೈಯ ಮೇಲೆ ಕೈಯಿಟ್ಟಳು. ಈ ಸಲ ತೆಗೆಯಲಿಲ್ಲ.

ಭಾನುವಾರ ಸಭೆಯಲ್ಲಿ ಎಲಾದಿಯೊ ಎದ್ದು ಸೇವೆ ಕೇಳಿದಾಗ ಮೊದಲು ಎಲ್ಲರೂ ನಕ್ಕರು.

"ನಗರದ ಕೆಲಸದ ಗತಿ ಏನಪ್ಪಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಇಲ್ಲಿಂದಲೇ ಮಾಡ್ತೀನಿ. ಇಲ್ಲಿನ ಸರ್ವರ್ ಈಗ ನಿಲ್ಲೋದೇ ಇಲ್ಲ. ಚೆನ್ನಾಗಿ ನೋಡ್ಕೊಳ್ಳೋರಿದಾರೆ."

"ಓದಿದವನು, ಸರ್ವರನ್ನೇ ಕೊಡೋಣ," ಎಂದ ಇನ್ನೊಬ್ಬ.

"ಸರ್ವರ್‌ಗೆ ಜನ ಇದಾರೆ," ಎಂದರು ದೋನ್ ಪ್ರಿಸಿಲಿಯಾನೊ. "ನಾನೂ ಗುಡಿಸಿಯೇ ಶುರು ಮಾಡಿದ್ದು. ಪೊರಕೆ ಕೊಡಿ."

ಕೈಗಳು ಎದ್ದವು. ಸೆನಾಯ್ದಾಳ ಕೈ ಎಲ್ಲರಿಗಿಂತ ಮೊದಲು ಎದ್ದಿತ್ತು. ಅಜ್ಜಿ ಪಕ್ಕದವಳಿಗೆ, "ಮೊದಲು ಗುಡಿಸ್ಲಿ. ಬ್ರೆಡ್ಡು ಚಾಕೊಲೇಟು ಆಮೇಲೆ ನೋಡೋಣ," ಎಂದದ್ದು ಅರ್ಧ ಸಭೆಗೆ ಕೇಳಿಸಿತು.

ಮರುದಿನ ಬೆಳಗ್ಗೆ ಸೆನಾಯ್ದಾ ಕೋಣೆ ತೆರೆದು ಬ್ರೌಸರಿನಲ್ಲಿ ಆ ಬಿಳಿ ಪುಟ ಬಿಚ್ಚಿದಳು. ಸರ್ವರನ್ನೂ ಮೂಲೆಯ ಕಂಪ್ಯೂಟರನ್ನೂ ಊರಿನ ಹೊತ್ತಿಗೇ ಸರಿಯಾಗಿ ಹೊಂದಿಸಿದಳು. ಇನ್ನು ಯಾವ ಸರ್ಟಿಫಿಕೇಟೂ ತಕರಾರು ಮಾಡುವಂತಿರಲಿಲ್ಲ. ಆಮೇಲೆ ಹೊಸ ಖಾತೆಯೊಂದನ್ನು ತೆರೆದಳು. ಹೆಸರು: ಎಲಾದಿಯೊ. ಅಧಿಕಾರ: ಸಾಮಾನ್ಯ ಬಳಕೆದಾರ. ಉಳಿಸಿಟ್ಟಿದ್ದ ಅವನ ಫೈಲುಗಳನ್ನು ಅದಕ್ಕೆ ಒಪ್ಪಿಸಿದಳು.

ಹೊರಗೆ ಪೊರಕೆಯ ಸದ್ದು ಹತ್ತಿರ ಬಂದು ಬಾಗಿಲಲ್ಲಿ ನಿಂತಿತು.

"ಏಯ್ ಟೋಪಿಲ್, ಒಳಗೆ ಬಾ," ಎಂದಳು. "ಪಾಸ್‌ವರ್ಡ್ ನೀನೇ ಹಾಕು. ಹಲಗೆ ಮೇಲೆ ಬರೀಬೇಡ."

ಅವನು ಪೊರಕೆ ಗೋಡೆಗೊರಗಿಸಿ ಬಂದ. ಅವನು ಟೈಪ್ ಮಾಡುವಾಗ ಅವಳು ನಿಯಮದಂತೆ ಬೇರೆ ಕಡೆ ನೋಡಬೇಕಿತ್ತು. ನೋಡಿದ್ದು ಅವನ ಮಣಿಕಟ್ಟನ್ನು.

ಗೋಪುರದಲ್ಲಿ ಗಂಟೆ ಹೊಡೆಯತೊಡಗಿತು. ಅವನ ಕೈಗಡಿಯಾರದ ಮುಳ್ಳೂ ಈಗ ದೇವರ ಹೊತ್ತನ್ನೇ ತೋರಿಸುತ್ತಿತ್ತು.